ಆಷಾಢ ಕಳೆಯಲಿ ಎಂದಿದ್ದೆವು

ಕಾರಿನ ಮೇಲೆ ಬಿದ್ದಿದ್ದ ಮರದ ಕೊಂಬೆಯ ಫೋಟೊ ತೆಗೆದ ಇನ್ಶೂರೆನ್ಸ್ ಸರ್ವೇಯರ್, ನಮ್ಮ ಕಾಗದಪತ್ರ ನೋಡಿ ಕನ್ನಡಕ ಬಿಚ್ಚಿದರು. “ಸರ್, ನೀವು ಕಾರು ತಗೊಂಡು ಮೂರು ವಾರ ಆಯ್ತು ಅಂತೀರಾ. ಆರ್‌ಸಿ, ಪಾಲಿಸಿ ಎರಡೂ ಇನ್ನೂ ಹಳೇ ಓನರ್ ಹೆಸರಲ್ಲೇ ಇದೆ. ಕ್ಲೇಮ್ ಸಿಗಲ್ಲ.”

ಮಲ್ಲೇಶ್ವರದ ನಮ್ಮ ಮನೆಯೆದುರು, ಗಾಜಿನ ಚೂರುಗಳ ನಡುವೆ ನಿಂತು ಕಾರಣ ಹೇಳಿದೆ. ಆಷಾಢ ಹುಟ್ಟುವ ಮುನ್ನಾದಿನ ಅವಸರದಲ್ಲಿ ಕಾರು ತಂದು ಪೂಜೆ ಮಾಡಿಸಿದ್ದೆವು. ಹೆಸರು ಬದಲಾಯಿಸುವುದು ಶ್ರಾವಣದಲ್ಲಿ ಆಗಲಿ ಎಂದಿದ್ದರು ಅಮ್ಮ. ಮಾರಿದವರಿಗೂ ಅದು ಸರಿಯೆನಿಸಿತ್ತು.

ಸರ್ವೇಯರ್ ನಗಲಿಲ್ಲ. “ನಮ್ಮನೇಲೂ ಆಷಾಢದಲ್ಲಿ ಏನೂ ಶುರು ಮಾಡಲ್ಲ ಸರ್. ಆದ್ರೆ ಕಾರು ತಗೊಂಡ ಎರಡು ವಾರದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಬಂದ್ಬಿಡ್ಬೇಕು. ಕಂಪನಿಗೆ ಆಷಾಢ, ಶ್ರಾವಣ ಎಲ್ಲಾ ಒಂದೇ.”

ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಕಾಫಿಯ ಜೊತೆ ಕಾರಿನ ಫೈಲನ್ನೂ ತಂದಿಟ್ಟರು. “ಇವತ್ತೇ ಹೋಗಿ ನಿನ್ನ ಹೆಸರಿಗೆ ಮಾಡಿಸ್ಕೊಂಡ್ಬಾ.” ಆಷಾಢ ಮುಗಿಯಲು ಇನ್ನೂ ವಾರವಿತ್ತು. ಅಂದು ರಾಹುಕಾಲ ಎಷ್ಟು ಹೊತ್ತಿಗೆಂದು ಅವರು ಕ್ಯಾಲೆಂಡರ್ ಕೂಡ ನೋಡಲಿಲ್ಲ.