ಕ್ಯಾನ್ ಮಾಮನೂ ಡುಬ್ಬದ ಹಸುವೂ
ಹಸುಗಳಿಗೆ ಗರ್ಭ ಕಟ್ಟಿಸುವ ಸೂಜಿ ಹಾಕಲು ಬರುವ ಕ್ಯಾನ್ ಮಾಮನ ಆಗಮನ ಅಕ್ಕಪಕ್ಕದ ಬೀದಿಗಳಿಗೂ ಗೊತ್ತಾಗುತ್ತದೆ. ಬೈಕು ಕೆಮ್ಮುತ್ತದೆ, ಹಿಂದೆ ಕಟ್ಟಿದ, ಹೋರಿಯ ವೀರ್ಯ ತಣ್ಣಗಿಡುವ ಕ್ಯಾನು ಲೊಟಲೊಟ ಎನ್ನುತ್ತದೆ, ಅವೆರಡನ್ನೂ ಮೀರಿಸುವುದು ಅವನ ಬಾಯಿ. ಕೊಟ್ಟಿಗೆಯಲ್ಲಿ ಒರಲುವ ಸೀಮೆಹಸುವಿನ ಬೆನ್ನು ತಟ್ಟಿ, "ಏನವ್ವ, ಬೆದೆಗೆ ಬಂದದ್ದನ್ನ ಊರಿಗೆಲ್ಲ ಡಂಗುರ ಸಾರ್ತಿದೀಯಲ್ಲ!" ಎನ್ನುತ್ತಾನೆ. ಬೆಳಿಗ್ಗೆ ಒರಲಿದರೆ ಸಂಜೆ ಸೂಜಿ, ಇದು ಅವನ ಮಂತ್ರ. ಒಂದು ಮನೆಯ ಡುಬ್ಬದ ನಾಟಿ ಹಸುವಿನ ಮುಂದೆ ಮಾತ್ರ ಆ ಮಂತ್ರ ಸೋಲುತ್ತಲೇ ಬಂದಿತ್ತು. ಆ ತಳಿಯ ಮೈಯಲ್ಲಿ ಹಾರ್ಮೋನು ಏರಿ ಇಳಿಯುವ ಗತಿಯೇ ಬೇರೆ. ಬೆದೆ ಸದ್ದಿಲ್ಲದೆ ಬಂದು, ಸಂಜೆಯೊಳಗೆ ಹೊರಟುಹೋಗುತ್ತದೆ. "ಈ ಸಲಾನೂ ಗಬ್ಬ ನಿಲ್ದಿದ್ರೆ ಅತ್ತೆ ಇವಳನ್ನ ಮಾರಿಬಿಡ್ತಾರಂತೆ, ಮಾಮ," ಎಂದು ಆ ಮನೆಯ ಸೊಸೆ ಕಣ್ಣೊರೆಸಿಕೊಂಡಳು. ಮರುದಿನದಿಂದ ಮಾಮ ತಿರುವಿನಲ್ಲೇ ಎಂಜಿನ್ ಆರಿಸಿ, ಬೈಕು ತಳ್ಳಿಕೊಂಡು ಬಂದು, ಅವರ ಕೊಟ್ಟಿಗೆಯಲ್ಲಿ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಬಾಯಿ ಮುಚ್ಚಿ ಕೂರತೊಡಗಿದ. ಒಂದು ಬೆಳಿಗ್ಗೆ ಹಸು ಪಕ್ಕದ ಹಸುವಿನ ಬೆನ್ನ ಮೇಲೆ ಗದ್ದವಿಟ್ಟು, ಮೆಲ್ಲನೆ ತೆಗೆಯಿತು. "ಬೆದೆ ಗುರುತು ಅಷ್ಟೇನಾ?" ಎಂದಳು ಸೊಸೆ. "ಅಷ್ಟೇ ಕಣಮ್ಮ. ಇಷ್ಟು ದಿನಾನೂ ಹೇಳಿರ್ತಾಳೆ, ನನ್ನ ಗದ್ದಲದಲ್ಲಿ ಯಾರಿಗೆ ಕೇಳ್ಸುತ್ತೆ?" ಎಂದು ಪಿಸುಗುಟ್ಟಿ, ಸಂಜೆಗೆ ಕಾಯದೆ ಕ್ಯಾನಿನ ಮುಚ್ಚಳ ತೆಗೆದ. ಹಸುವೀಗ ತುಂಬು ಗಬ್ಬ. ಅತ್ತೆಯೇ ಅದಕ್ಕೆ ಹುಲ್ಲು ಹಾಕುತ್ತಾಳೆ. ಮಾಮನಿಗೆ ಅಲ್ಲೇನೂ ಕೆಲಸವಿಲ್ಲ. ಆದರೂ ಆ ಕೊಟ್ಟಿಗೆ ದಾಟುವವರೆಗೆ ಅವನು ಬೈಕನ್ನು ತಳ್ಳಿಕೊಂಡೇ ಹೋಗುತ್ತಾನೆ.