ಸೊಂಟದುದ್ದ ನೀರು

ನಂಬದವರು ನಂಬಬೇಡಿ. ಅರವತ್ತರ ದಶಕದ ಆ ಸಂಜೆ ದೋಣಿಯಲ್ಲಿ ಕೂತಿದ್ದವನು ನಾನೇ. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ.

ಶಿವಮೊಗ್ಗದ ಗಾಂಧಿ ಬಜಾರಿನ ಗದ್ದಲದಲ್ಲಿ ಬೆಳೆದ ನನಗೆ ಭದ್ರಾವತಿಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿತ್ತು. ಜೊತೆಯವರು ತಮ್ಮತಮ್ಮಲ್ಲೇ ತಮಿಳು, ತೆಲುಗು ಮಾತಾಡಿಕೊಂಡು ಮನೆ ಸೇರುತ್ತಿದ್ದರು. ನನ್ನದು ಒಂಟಿ ಕೋಣೆ. ಕೆಲವು ದಿನ ಹೋಟೆಲಿನಲ್ಲಿ "ಒಂದು ಕಾಫಿ" ಎಂದದ್ದು ಬಿಟ್ಟರೆ ಬಾಯಿ ತೆರೆದದ್ದೇ ಇಲ್ಲ.

ಊರಾಚೆ ಒಂದು ಕೆರೆಯಿತ್ತು. ಹಳೆಯ ಕಾಲದ್ದಲ್ಲ. ಇಟ್ಟಿಗೆಗೆಂದು ಮಣ್ಣು ತೆಗೆದು ಬಿಟ್ಟಿದ್ದ ಗುಂಡಿಗಳಿಗೆ ಏರಿ ಕಟ್ಟಿ, ನಾಲೆಯ ನೀರು ಹಾಯಿಸಿ, ಒಂದು ಕ್ಲಬ್ಬಿನವರು ದೋಣಿವಿಹಾರಕ್ಕೆ ಮಾಡಿಕೊಂಡದ್ದು. ಭಾನುವಾರ ಸಂಸಾರಗಳು ಬರುತ್ತಿದ್ದವು. ಉಳಿದ ದಿನ ನಾನು, ದೋಣಿ ಕಾಯುವ ಬುಡನ್ ಸಾಬರು, ಅಷ್ಟೆ.

"ದೋಣಿಯಿಂದ ಮಾತ್ರ ಇಳೀಬೇಡಿ ಸ್ವಾಮಿ," ಅವರು ಪ್ರತಿ ಸಲ ಹೇಳುತ್ತಿದ್ದರು. "ಒಂದ್ ಕಡೆ ಮೊಣಕಾಲುದ್ದ ಇರುತ್ತೆ, ಪಕ್ಕದಲ್ಲೇ ಎರಡಾಳುದ್ದ. ಈಜು ಬರೋರೇ ಹೋಗಿದಾರೆ ಇಲ್ಲಿ."

ನನಗೆ ಈಜು ಬರುತ್ತಿರಲಿಲ್ಲ.

ಆ ಸಂಜೆ ಹೊತ್ತು ಮುಳುಗಿದ್ದು ಗೊತ್ತಾಗಲಿಲ್ಲ. ಕೆರೆಯ ಆಚೆ ಮಗ್ಗುಲಿಗೆ ಹೋಗಿ ಹಿಂತಿರುಗುವಾಗ ದೋಣಿ ನೀರಬಳ್ಳಿಗೆ ಸಿಕ್ಕಿ ನಿಂತಿತು. ಹುಟ್ಟು ಹಾಕಿದಷ್ಟೂ ಬಳ್ಳಿ ಬಿಗಿಯಾಯಿತು. ಒಂದೇ ಸಮನೆ ವಟಗುಟ್ಟುತ್ತಿದ್ದ ಕಪ್ಪೆಗಳು... ಇದ್ದಕ್ಕಿದ್ದಂತೆ ಸುಮ್ಮನಾದವು. ಕಾದ ಇಟ್ಟಿಗೆಯ ಮೇಲೆ ನೀರು ಚೆಲ್ಲಿದಾಗ ಬರುವಂಥ ವಾಸನೆ ಮೂಗಿಗೆ ಬಡಿಯಿತು.

"ಸಿಕ್ಕಾಕ್ಕೊಂಡ್ತಾ?"

ತಿರುಗಿದೆ. ಸ್ವಲ್ಪ ದೂರದಲ್ಲಿ ಒಬ್ಬಾತ ಸೊಂಟದುದ್ದ ನೀರಿನಲ್ಲಿ ನಿಂತಿದ್ದ. ಬರಿ ಮೈ, ತಲೆಗೊಂದು ವಸ್ತ್ರ. ಮುಖ ಕಾಣಲಿಲ್ಲ.

"ಬಳ್ಳಿ..." ಎಂದೆ.

"ಇಳಿದು ತಳ್ಳಿ ಮಾರಾಯ್ರೆ. ಆಳ ಇಲ್ಲ. ನಾನು ನಿಂತಿಲ್ವಾ?"

ದನಿಯಲ್ಲಿ ಎಂಥ ಅಕ್ಕರೆ!

"ದಿನಾ ಒಬ್ರೇ ಬರ್ತೀರಿ. ಯಾರೂ ಇಲ್ವಾ ನಿಮಗೆ?"

ಆ ಊರಿನಲ್ಲಿ ನನ್ನನ್ನು ಹಾಗೆ ಕೇಳಿದವರೇ ಇರಲಿಲ್ಲ. "ಇಲ್ಲ," ಎಂದೆ.

"ಬನ್ನಿ ಮತ್ತೆ..."

ಚಪ್ಪಲಿ ಕಳಚಿ ಒಂದು ಕಾಲನ್ನು ನೀರಿಗೆ ಬಿಟ್ಟೆ. ಮೇಲೆ ನೀರು ಕೊರೆಯುತ್ತಿತ್ತು. ಇನ್ನಷ್ಟು ಇಳಿಸಿದೆ. ಪಾದದಡಿಗೆ ಏನೋ ಬೆಚ್ಚಗೆ ತಾಕಿತು... ಯಾರೋ ಅಂಗೈ ಕೊಟ್ಟ ಹಾಗೆ.

"ಸ್ವಾಮೀ! ಯಾರ ಜೊತೆ ಮಾತಾಡ್ತಿದೀರಿ?"

ದಡದಲ್ಲಿ ಬುಡನ್ ಸಾಬರು ಲಾಟೀನು ಎತ್ತಿ ಹಿಡಿದು ಕೂಗುತ್ತಿದ್ದರು. ಸಟ್ಟನೆ ಕಾಲೆಳೆದುಕೊಂಡೆ. ನೀರಿನಲ್ಲಿ ಯಾರೂ ಇರಲಿಲ್ಲ. ಒಂದು ಅಲೆಯೂ ಏಳಲಿಲ್ಲ.

ಸಾಬರು ಇನ್ನೊಂದು ದೋಣಿಯಲ್ಲಿ ಬಂದು ಬಳ್ಳಿ ಕೊಯ್ದರು. ಆತ ನಿಂತಿದ್ದ ಜಾಗವನ್ನು ಬೆರಳು ಮಾಡಿ ತೋರಿಸಿದೆ. ಅಲ್ಲಿ ಉದ್ದನೆಯ ಬಿದಿರಿನ ಗಳುವೊಂದನ್ನು ಇಳಿಸಿ ನೋಡಿದರು. ಅದು ಇಳಿಯುತ್ತಲೇ ಹೋಯಿತು. ಅವರ ಮುಷ್ಟಿ ನೀರಿನಲ್ಲಿ ಮುಳುಗಿದರೂ ತಳ ಸಿಗಲಿಲ್ಲ.

"ಏನಂದ ಅವ್ನು?" ಮೆಲ್ಲಗೆ ಕೇಳಿದರು.

ಹೇಳಿದೆ. ಅವರು ಬೇಗ ಬೇಗ ಹುಟ್ಟು ಹಾಕಿ ದಡ ಸೇರಿಸಿದರು. ದೋಣಿ ಕಟ್ಟಿ, ನನ್ನ ಕೋಣೆಯವರೆಗೂ ಜೊತೆಗೇ ನಡೆದು ಬಂದರು. "ಒಳಗಿಂದ ಚಿಲಕ ಹಾಕ್ಕೊಳಿ. ಯಾರೇ ಕರೆದ್ರೂ ಬೆಳಗಾಗೋವರೆಗೂ ತೆಗೀಬೇಡಿ," ಎಂದು ಹೇಳಿ ಹೋದರು.

ಮತ್ತೆ ನಾನು ಆ ಕೆರೆಯ ಕಡೆ ಹೋಗಲಿಲ್ಲ. ಆತ ಯಾರೆಂದು ಸಾಬರನ್ನು ಕೇಳುವ ಧೈರ್ಯವೂ ಬರಲಿಲ್ಲ. ಈಗಲೂ ಹೊಳೆಯಲ್ಲಿ ನಿಂತವರು ಯಾರಾದರೂ ನಗುತ್ತಾ ಮಾತಾಡಿಸಿದರೆ, ಅವರು ದಡಕ್ಕೆ ಬಂದು ಪಾದ ಕಾಣುವವರೆಗೆ ನಾನು ಉತ್ತರ ಕೊಡುವುದಿಲ್ಲ.