ಕುರ್ಚಿ ಬಿಡಿಸಿಕೊಂಡ ಕತ್ತರಿಯಣ್ಣ

ಕತ್ತರಿಯಣ್ಣನ ಕಟಿಂಗ್ ಅಂಗಡಿಯಲ್ಲಿ ಒಂದು ಕಾಲಕ್ಕೆ ಎಂಥ ರಶ್ ಇತ್ತೆಂದರೆ, ಗಡ್ಡ ತೆಗೆಸಲೆಂದು ಬಂದು ಬೆಂಚಿನ ತುದಿಯಲ್ಲಿ ಕುಳಿತವನಿಗೆ ಸರದಿ ಬರುವ ಹೊತ್ತಿಗೆ ಗಡ್ಡ ಎದೆ ಮುಟ್ಟಿರುತ್ತಿತ್ತು. ಕತ್ತರಿ ಬೆಳಗಿನಿಂದ ಸಂಜೆಯವರೆಗೆ ಕಿಚಿಕಿಚಿ ಅನ್ನುತ್ತಲೇ ಇರುತ್ತಿತ್ತು. ಅಂಗಡಿಗೆ ಬೀಗ ಹಾಕಿದ ಮೇಲೂ ಒಳಗಡೆ ಸ್ವಲ್ಪ ಹೊತ್ತು ತಾನಾಗಿಯೇ ಅನ್ನುತ್ತಿತ್ತು ಎಂದು ಪಕ್ಕದ ಟೀ ಅಂಗಡಿಯವರು ಈಗಲೂ ಹೇಳುತ್ತಾರೆ. ಇಷ್ಟಾದರೂ ಸಂಜೆ ಗಲ್ಲಾಪೆಟ್ಟಿಗೆ ಎಳೆದರೆ ಸಿಗುತ್ತಿದ್ದದ್ದು ಒಂದು ಮುರಿದ ಬಾಚಣಿಗೆ, ಯಾರದೋ ಅಂಗಿಯ ಗುಂಡಿ ಮತ್ತು ಒಂದು ಜಿರಲೆ. ಆ ಜಿರಲೆಯೂ ಇಲ್ಲಿದ್ದರೆ ಬದುಕಿಲ್ಲವೆಂದು ಬೇರೆ ಅಂಗಡಿ ಹುಡುಕುತ್ತಿತ್ತು.

ಇದಕ್ಕೆಲ್ಲ ಮೂಲ ರಸ್ತೆಯ ಆಚೆ ಬದಿಯಲ್ಲಿತ್ತು. ಅಲ್ಲಿ ಗಾಜಿನ ಬಾಗಿಲಿನ, ಏಸಿ ಹಾಕಿದ ಹೊಸ ಸಲೂನೊಂದು ಬಂದಿತ್ತು. ಅದರ ಬಾಗಿಲು ತೆರೆದಾಗೆಲ್ಲ ತಣ್ಣನೆಯ ಗಾಳಿ ರಸ್ತೆ ದಾಟಿ ಬಂದು ಕತ್ತರಿಯಣ್ಣನ ಹೊಟ್ಟೆಗೆ ಬಿದ್ದು ಕಿಚ್ಚಾಗುತ್ತಿತ್ತು. ತಡೆಯಲಾರದೆ ಅವನು ಸಾಲ ಮಾಡಿ ಅಂಗಡಿಯ ನಾಲ್ಕೂ ಗೋಡೆಗೆ ಕನ್ನಡಿ ಹಾಕಿಸಿದ. ಜೊತೆಗೆ ಕೂದಲು ಒಣಗಿಸುವ ಒಂದು ಭಾರೀ ಯಂತ್ರವನ್ನೂ ತಂದು ನಿಲ್ಲಿಸಿದ. ಕಂಬದ ಮೇಲೆ ಬಿಂದಿಗೆ ಬೋರಲು ಹಾಕಿದಂತಿದ್ದ ಆ ಯಂತ್ರ ಶುರುವಾದರೆ ಬೀದಿಯ ದೀಪಗಳೆಲ್ಲ ಮಂಕಾಗುತ್ತಿದ್ದವು. ಅದರ ಕೆಳಗೆ ಧೈರ್ಯವಾಗಿ ಕುಳಿತದ್ದು ಒಬ್ಬಳೇ ಒಬ್ಬ ಅಜ್ಜಿ. ಅದೂ ಮೊಮ್ಮಗನ ಕಟಿಂಗ್ ಮುಗಿಯುವವರೆಗೆ ಕೂರಲು ಬೇರೆ ಜಾಗ ಇರಲಿಲ್ಲವೆಂದು.

ಸಾಲದ ದೊಡ್ಡ ಪಾಲು ಕಬ್ಬಿಣದಂಗಡಿ ಸಾಹುಕಾರರದು. ಅವರು ಎರಡು ವರ್ಷದ ಗಡುವು ಹಾಕಿ, ಅಡಮಾನವಾಗಿ ಕುರ್ಚಿಯನ್ನು ಬರೆಸಿಕೊಂಡಿದ್ದರು. ಅದು ಕತ್ತರಿಯಣ್ಣನ ಅಪ್ಪ ಬಿಟ್ಟುಹೋದ ಕುರ್ಚಿ: ಎರಕದ ಕಾಲು, ಕೆಂಪು ರೆಕ್ಸಿನ್ ಸೀಟು, ಕೆಳಗೊಂದು ಪೆಡಲ್. ಪೆಡಲ್ ಒತ್ತಿದರೆ ಗಿರಾಕಿ ಮೇಲೇಳುತ್ತಿದ್ದ. ಇನ್ನೊಂದಿಷ್ಟು ಒತ್ತಿದರೆ ತಲೆ ಫ್ಯಾನಿಗೆ ತಗುಲಿ ಕಟಿಂಗ್ ತಾನಾಗಿಯೇ ಮುಗಿಯುತ್ತಿತ್ತು. ಅಪ್ಪನ ಕೈ ಊರುತ್ತಿದ್ದ ಜಾಗದಲ್ಲಿ ರೆಕ್ಸಿನ್ ಸವೆದು ಒಂದು ಗುಳಿ ಬಿದ್ದಿತ್ತು. ಈಗ ಕತ್ತರಿಯಣ್ಣನ ಕೈ ಹೋಗಿ ಅಲ್ಲೇ ಕೂರುತ್ತಿತ್ತು. ಕುರ್ಚಿ ಹೋದರೆ ಅಂಗಡಿ ಹೋದಂತೆ, ಅಂಗಡಿ ಹೋದರೆ ಅವನೇ ಇಲ್ಲದಂತೆ.

ಚಿಲ್ಲರೆ ಸಾಲಗಳು ಮೂರು: ಮೆಡಿಕಲ್ ಶಾಪಿನವರದು, ಹಾಲಿನವನದು, ಹೆಂಡತಿಯ ತಮ್ಮನದು. ಇವರು ಯಾರೂ ಬಡ್ಡಿ ಕೇಳಿರಲಿಲ್ಲ. ಕೇಳದೆ ಇದ್ದದ್ದೇ ಕತ್ತರಿಯಣ್ಣನಿಗೆ ದೊಡ್ಡ ಸಂಕೋಚವಾಗಿಬಿಟ್ಟಿತು. ಬಾಯಿತುಂಬ ನಕ್ಕು, ಸಾಲ ತೀರುವವರೆಗೂ ನಿಮ್ಮ ಮನೆಯವರ ಕಟಿಂಗು, ಶೇವಿಂಗು ಎಲ್ಲ ನನ್ನದು, ಕಾಸಿನ ಮಾತೇ ಬೇಡ, ಬಿಡಿ ಎಂದುಬಿಟ್ಟ. ‘ಬಿಡಿ’ ಎಂಬುದು ಅವನ ನಾಲಗೆಯ ತುದಿಯಲ್ಲಿ ಕಾದು ಕುಳಿತಿರುತ್ತಿದ್ದ ಮಾತು. ಒಬ್ಬ ಕ್ಷೌರಿಕನಿಗಲ್ಲದೆ ಬೇರೆ ಯಾರಿಗೂ ಹೊಳೆಯದ ಬಡ್ಡಿ ಅದು. ಹತ್ತು ಬ್ಯಾಂಕಿನವರು ಸೇರಿ ಕುಳಿತರೂ ಅಂಥದ್ದು ಹುಟ್ಟುತ್ತಿರಲಿಲ್ಲ. ತಿಂಗಳ ಬಡ್ಡಿ ತಿಂಗಳಿಗೊಮ್ಮೆ ಬರುತ್ತದೆ. ಗಡ್ಡ ದಿನಾ ಬೆಳಗಾದರೆ ಬಂದು ನಿಲ್ಲುತ್ತದೆ.

ಸಾಲ ಕೊಟ್ಟವರು ಮೂವರು, ತಲೆ ತಂದವರಿಗೆ ಲೆಕ್ಕವಿಲ್ಲ. ಮೆಡಿಕಲ್ ಶಾಪಿನವರು ಮಕ್ಕಳನ್ನೂ ತಂದರು, ಷಡ್ಡಕನನ್ನೂ ತಂದರು, ಷಡ್ಡಕನ ಬಾಡಿಗೆದಾರನನ್ನೂ ತಂದರು. ಹಾಲಿನವನ ಗಡ್ಡವಂತೂ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬರುವಷ್ಟರಲ್ಲಿ ಬಲಗಡೆ ಮತ್ತೆ ಚಿಗುರುತ್ತಿತ್ತು. ಬಾಮೈದ ಕೊಟ್ಟದ್ದು ಎಲ್ಲರಿಗಿಂತ ಕಡಿಮೆ. ಆದರೆ ಅವನಿಗೆ ವಾರಕ್ಕೊಮ್ಮೆ ಮುಖಕ್ಕೆ ಮಸಾಜೂ ಆಗಬೇಕಿತ್ತು. ಊರಿನವರ ತಲೆ ಬೋಳಿಸಬೇಕಾದವನ ತಲೆಯನ್ನೇ ಊರು ಹೀಗೆ ಬೋಳಿಸುತ್ತಿತ್ತು. ಸಾಹುಕಾರರೊಬ್ಬರು ಮಾತ್ರ ಬಡ್ಡಿಯನ್ನು ನಗದಾಗಿ ತೆಗೆದುಕೊಳ್ಳುತ್ತಿದ್ದರು. ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಅವರ ತಲೆಯ ಮೇಲೆ ನೊಣ ಕೂತರೆ ಜಾರಿ ಬಿದ್ದು ಕಾಲು ಮುರಿದುಕೊಳ್ಳುತ್ತಿತ್ತು.

ಕತ್ತರಿಯಣ್ಣನ ಹೆಂಡತಿಗೆ ಗಾರ್ಮೆಂಟ್ಸಿನಲ್ಲಿ ಅಂಗಿಗೆ ಗುಂಡಿ ಹಾಕುವ ಕೆಲಸ. ರಜೆಯ ದಿನ ಗಂಡನಿಗೆ ಊಟ ತಂದವಳು ಅಂಗಡಿಯ ಜನಜಂಗುಳಿ ನೋಡಿ ದಂಗಾದಳು. ಬೆಂಚಿನ ಮೂಲೆಯಲ್ಲಿ ಒಂದಿಷ್ಟು ಜಾಗ ಮಾಡಿಕೊಂಡು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಸುಮ್ಮನೆ ನೋಡುತ್ತಾ ಕುಳಿತಳು. ಕುರ್ಚಿಗೆ ಬಂದು ಕುಳಿತವರೆಲ್ಲ ಕೊನೆಗೆ ಕನ್ನಡಿ ನೋಡಿಕೊಂಡು, ಟವೆಲ್ ಕೊಡವಿ, ಬರ್ತೀನಪ್ಪ ಎಂದು ಹೋಗುತ್ತಿದ್ದರು. ಯಾರ ಕೈಯೂ ಜೇಬಿಗೆ ಹೋಗಲಿಲ್ಲ. ಇನ್ನು ಕಾಸು ಕೊಡುವ ಗಿರಾಕಿಗಳು ಬಾಗಿಲಲ್ಲಿ ಇಣುಕಿ, ತುಂಬಿದ ಬೆಂಚು ನೋಡಿ, ರಸ್ತೆ ದಾಟಿ ಏಸಿ ಅಂಗಡಿಗೆ ಹೋಗುತ್ತಿದ್ದರು.

ಅಂಗಡಿ ಖಾಲಿಯಾದ ಮೇಲೆ ಅವಳು ಗಲ್ಲಾಪೆಟ್ಟಿಗೆ ಎಳೆದು ನೋಡಿ, ಮುಚ್ಚಿ, ಕೇಳಿದಳು.

“ಇಷ್ಟು ಜನ ಬಂದ್ರಲ್ಲ, ಯಾರು ಇವ್ರು?”

“ಎಲ್ಲ ನಮ್ಮೋರೇ ಕಣೇ.”

“ನಮ್ಮೋರು ಅಂದ್ರೆ?”

“ಅಂದ್ರೆ... ನಾವು ದುಡ್ಡು ಕೊಡಬೇಕಾದೋರು.”

ಅವಳು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಾಯೆನಿಸುತ್ತಿತ್ತು. ಊಟದ ಡಬ್ಬಿ ಬಿಚ್ಚಿ, ಬಡಿಸುತ್ತಾ ನಿಧಾನವಾಗಿ ಹೇಳಿದಳು: “ನಾನು ಒಂದು ಅಂಗಿಗೆ ಒಂದು ಸಲ ಗುಂಡಿ ಹಾಕ್ತೀನಿ. ಅಲ್ಲಿಗೆ ಅದರ ಋಣ ಮುಗೀತು. ನೀವು ಒಂದೇ ಮುಖಾನ ವರ್ಷದಿಂದ ಕೆರೀತಿದೀರ. ಸೋಪು ಹೋಯ್ತು, ಬ್ಲೇಡು ಹೋಯ್ತು, ಗಿರಾಕಿ ಹೋದ. ಅಸಲು ಮಾತ್ರ ಹಾಗೇ ಕೂತಿದೆ. ಇನ್ನು ಕುರ್ಚಿನೂ ಹೋದ್ಮೇಲೆ ಅವರ ಗಡ್ಡ ಎಲ್ಲಿ ಕೂರಿಸಿ ತೆಗೀತೀರಿ?”

ಕತ್ತರಿಯಣ್ಣ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು, ಬೆರಳು ಮಡಚಿ ತಿಂಗಳು ಎಣಿಸಿದ. ಗಡುವಿಗೆ ಉಳಿದಿದ್ದದ್ದು ಒಂದು ವರ್ಷ.

ಶುರು ತನ್ನ ತವರಿನಿಂದಲೇ ಆಗಲಿ ಎಂದು ಅವಳು ಅಂದೇ ಸಂಜೆ ತಮ್ಮನ ಮನೆಗೆ ಹೋದಳು. ಅಲ್ಲಿ ಏನಾಯಿತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮರುದಿನ ಬಾಮೈದ ಬಂದು, ಕುರ್ಚಿಯಲ್ಲಿ ಕೂರುವ ಮೊದಲೇ ಕಾಸು ಕೊಟ್ಟು, ಮಸಾಜು ಬೇಡ ಭಾವ, ಮುಖ ಈಗ ಚೆನ್ನಾಗೇ ಇದೆ ಎಂದ. ಅವನ ಎಡಗಿವಿ ಮಾತ್ರ ಸ್ವಲ್ಪ ಕೆಂಪಗಿತ್ತು.

ಉಳಿದಿಬ್ಬರಿಗೆ ಕತ್ತರಿಯಣ್ಣನೇ ಹೇಳಬೇಕು. ಹೇಳಬೇಕಾದ ಮಾತನ್ನು ಅವನು ಅಂಗಡಿಯ ಕನ್ನಡಿಗಳ ಮುಂದೆ ನಿಂತು ಅಭ್ಯಾಸ ಮಾಡಿದ. ನಾಲ್ಕೂ ಗೋಡೆಯಿಂದ ಸಾವಿರ ಕತ್ತರಿಯಣ್ಣಂದಿರು ಅವನ ಜೊತೆ ಬಾಯಿ ತೆರೆದರು, ಸಾವಿರ ಮಂದಿಯೂ ತೊದಲಿದರು. ಆದರೂ ಮೆಡಿಕಲ್ ಶಾಪಿನವರು ಬಂದು ಕುಳಿತಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಕೆನ್ನೆ ತುಂಬ ನೊರೆ ಹಚ್ಚಿದ. ಮೂಗಿನ ತುದಿ ಹಿಡಿದು ಮೇಲೆತ್ತಿದ. ಮೇಲ್ದುಟಿಯ ಮೇಲೆ ಕತ್ತಿ ಇಟ್ಟು, ಕಣ್ಣುಮುಚ್ಚಿ, ಒಂದೇ ಉಸಿರಿಗೆ ಹೇಳಿದ.

“ಸಾರ್, ಇನ್ಮೇಲೆ ಶೇವಿಂಗಿಗೆ ಕಾಸು ತಗೋತೀನಿ. ನಿಮ್ಮ ಅಸಲು ತಿಂಗಳು ತಿಂಗಳು ಕೊಡ್ತಾ ಬರ್ತೀನಿ. ಆಗಬಹುದಲ್ವಾ?”

“ಊಂ,” ಎಂದಿತು ನೊರೆ.

ನೊರೆ ಒರೆಸಿದ ಮೇಲೆ ಅವರಿಗೆ ಮಾತು ಬಂತು. ಹಾಗಿದ್ದರೆ ಪೂರ್ತಿ ಗಂಟು ನಾಳೆಯೇ ಇಡು ಎಂದು ಮುಖ ಗಂಟಿಕ್ಕಿದರು. ಮೊದಲಿನ ಕತ್ತರಿಯಣ್ಣನಾಗಿದ್ದರೆ ಅಲ್ಲೇ ಕರಗಿ, ಬಿಡಿ ಸಾರ್, ತಮಾಷೆಗಂದೆ ಎನ್ನುತ್ತಿದ್ದ. ಆ ಮಾತು ನಾಲಗೆಯ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಅವನ ಎಡಗೈ ಕುರ್ಚಿಯ ಗುಳಿಗೆ ತಗುಲಿತು.

“ನಾಳೆ ಕೇಳಿದ್ರೆ ನನ್ನ ಹತ್ರ ಇರೋದು ಈ ಕತ್ತಿ, ಈ ಬ್ರಷ್ಷು ಅಷ್ಟೇ ಸಾರ್. ತಿಂಗಳು ತಿಂಗಳು ಕೇಳಿದ್ರೆ ದುಡ್ಡಿರುತ್ತೆ. ಯಾವುದು ಬೇಕು ನೀವೇ ಹೇಳಿ.”

ಅವರು ಕತ್ತಿಯನ್ನು ನೋಡಿದರು, ಬ್ರಷ್ಷನ್ನು ನೋಡಿದರು. ಎರಡೂ ಅವರ ಅಂಗಡಿಯಲ್ಲಿ ಖರ್ಚಾಗುವ ಮಾಲಲ್ಲ. ತಿಂಗಳು ತಿಂಗಳೇ ಇರಲಿ ಎಂದು ಎದ್ದು, ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಶೇವಿಂಗಿನ ಕಾಸು ಕೊಟ್ಟರು. ಷಡ್ಡಕನ ಬಾಡಿಗೆದಾರ ಆಮೇಲೆ ಆ ಬೀದಿಯಲ್ಲಿ ಕಾಣಿಸಲಿಲ್ಲ. ಹಾಲಿನವನು ದುಃಖಕ್ಕೆ ವಾರಗಟ್ಟಲೆ ಗಡ್ಡ ಬಿಟ್ಟ. ಕೊನೆಗೆ ಹಸುಗಳಿಗೇ ಅವನ ಗುರುತು ಸಿಗದೆ ಒದೆಯಲು ಶುರು ಮಾಡಿದ ಮೇಲೆ ಕಾಸು ಹಿಡಿದುಕೊಂಡು ಬಂದ.

ಹೆಂಡತಿ ಒಂದು ಬಿಸ್ಕತ್ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿಸಿ, ಬೀಗ ಹಾಕಿ, ಅದನ್ನು ಕನ್ನಡಿಯ ಕೆಳಗಿಟ್ಟಳು. ಬೀಗದಕೈ ಅವಳ ಕೊರಳಲ್ಲಿ. ಅಂಗಡಿಯಲ್ಲಿ ಬಂದ ಕಾಸೆಲ್ಲ ಡಬ್ಬಿಗೆ. ಮನೆ ನಡೆಯುವುದು ಅವಳ ಸಂಬಳದಲ್ಲಿ. ಟೀ ಅಂಗಡಿಯ ಸಾಲದ ಟೀ ನಿಂತಿತು. ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಕತ್ತರಿಯಣ್ಣ ಚೀಲ ಹಿಡಿದು, ನಡೆಯಲಾಗದ ಮುದುಕರ ಮನೆಗಳಿಗೆ ಹೋಗಿ ಕಟಿಂಗ್ ಮಾಡಿ ಬರುತ್ತಿದ್ದ. ಮುದುಕರಿಗೆ ಕೂದಲು ಕಡಿಮೆ, ಮಾತು ಜಾಸ್ತಿ. ಕಟಿಂಗ್ ಕಾಲು ಗಂಟೆಯಾದರೆ ಕಥೆ ಮುಗಿಯುವಾಗ ಇನ್ನೊಂದು ಕಟಿಂಗಿಗೆ ಬರುವಷ್ಟು ಕೂದಲು ಬೆಳೆದಿರುತ್ತಿತ್ತು. ಬೆಂಚು ಈಗ ಅರ್ಧ ಖಾಲಿ ಇರುತ್ತಿದ್ದುದರಿಂದ ಇಣುಕಿದ ಗಿರಾಕಿಗಳು ಒಳಗೇ ಬಂದು ಕೂರತೊಡಗಿದರು. ಜನ ಕಡಿಮೆಯಾದಷ್ಟೂ ಡಬ್ಬಿ ಭಾರವಾಯಿತು.

ಹಾಲಿನವನ ಸಾಲ ತೀರಿತು. ಬಾಮೈದನದು ತೀರಿತು. ಮೆಡಿಕಲ್ ಶಾಪಿನವರದು ತೀರುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಉಳಿದದ್ದು ಸಾಹುಕಾರರದು. ಅವರದೂ ತಿಂಗಳು ತಿಂಗಳು ಸವೆಯುತ್ತಾ ಬಂತು, ಆದರೆ ಕಬ್ಬಿಣ ಸವೆದ ಹಾಗೆ ನಿಧಾನವಾಗಿ. ಗಡುವಿನ ವಾರ ಡಬ್ಬಿ ತೆರೆದು ನೋಡಿದಾಗ ಕಡಿಮೆ ಬಿತ್ತು. ಹೆಂಡತಿ ತನ್ನ ಬಳೆ ತಿರುಗಿಸುತ್ತಾ ಕುಳಿತಳು. ಅವಳ ಕೈ ಬಳೆಯ ಮೇಲಿರುವುದನ್ನು ಕತ್ತರಿಯಣ್ಣ ನೋಡಿದ.

“ಅದರ ಮೇಲಿಂದ ಕೈ ತೆಗಿ,” ಎಂದ. “ಸಾಲ ತಂದಿದ್ದು ಯಾರೋ ಅವರೇ ತೀರಿಸ್ಲಿ.”

ಅವನೆಂದದ್ದು ಯಂತ್ರವನ್ನು. ಅಷ್ಟು ದಿನವೂ ಅದನ್ನು ಬಟ್ಟೆ ಹೊದಿಸಿ, ದಿನಾ ಒರೆಸಿ, ರಾಜಕುಮಾರನಂತೆ ಸಾಕಿದ್ದ. ಮಾರುವ ಮಾತು ಹೆಂಡತಿ ಎತ್ತಿದಾಗಲೆಲ್ಲ, ಒಂದು ದಿನ ಅದಕ್ಕೂ ಕಾಲ ಬರುತ್ತೆ ಎನ್ನುತ್ತಿದ್ದ. ಈಗ ಬಂದಿತ್ತು. ಬಟ್ಟೆ ಸಮೇತ ಅದನ್ನು ಅಪ್ಪಿಕೊಂಡು, ಮೊದಲ ಬಾರಿಗೆ ರಸ್ತೆ ದಾಟಿ, ಏಸಿ ಸಲೂನಿನ ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿದ. ಸಲೂನಿನವನು ಇವನಿಗಿಂತ ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಚೌಕಾಶಿ ಹೆಚ್ಚು ಮಾಡಲಿಲ್ಲ. ಕೊಂಡ ಬೆಲೆಯ ಅರ್ಧವೂ ಬರಲಿಲ್ಲ, ಬಂದದ್ದು ಸಾಕಾಗುವಷ್ಟಿತ್ತು.

ಸಾಹುಕಾರರು ಮೊಳೆ ತೂಗುವ ತಕ್ಕಡಿಯ ಪಕ್ಕದಲ್ಲಿ ಕುಳಿತು ನೋಟುಗಳನ್ನು ಎಣಿಸಿದರು. ಬೆರಳಿಗೆ ಎಂಜಲು ಹಚ್ಚಿಕೊಂಡು ಇನ್ನೊಮ್ಮೆ ಎಣಿಸಿದರು. ತೂಕಕ್ಕೂ ಹಾಕುತ್ತಾರೇನೋ ಎಂದು ಕತ್ತರಿಯಣ್ಣನಿಗೆ ದಿಗಿಲಾಯಿತು. ಕೊನೆಗೆ ಪತ್ರ ತೆಗೆದು, ಹರಿದು, ಎರಡು ಚೂರನ್ನೂ ಅವನ ಕೈಗೆ ಕೊಟ್ಟರು.

ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುವಷ್ಟರಲ್ಲಿ ಸಾಹುಕಾರರು ಬಂದು ಕುರ್ಚಿಯಲ್ಲಿ ಕುಳಿತೇಬಿಟ್ಟರು. ಎರಡು ವರ್ಷ ತಮ್ಮದಾಗಬಹುದಾಗಿದ್ದ ಕುರ್ಚಿ ಹೇಗಿದೆಯೆಂದು ಒಮ್ಮೆ ಕೂತು ನೋಡಬೇಕೆನಿಸಿತಂತೆ. ಹಿಂದೆ ಒರಗಿ, ಮುಂದೆ ಬಾಗಿ, ಸುತ್ತ ಒಂದು ಪ್ರದಕ್ಷಿಣೆ ತಿರುಗಿ, ಬಂದದ್ದಕ್ಕೆ ಮೀಸೆ ಸರಿಮಾಡು ಎಂದರು. ಕತ್ತರಿಯಣ್ಣ ಮೀಸೆ ಸರಿಮಾಡಿದ. ಬಿಸಿ ಟವೆಲಿನಿಂದ ತಲೆಯನ್ನೂ ಒರೆಸಿದ. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದು ನಾಲ್ಕೂ ಗೋಡೆಯ ಕನ್ನಡಿಗಳಿಗೆ ಹಾರಿ, ಎದುರು ಸಾಲಿನ ಅಂಗಡಿಯವರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದರು.

“ಎಷ್ಟಪ್ಪಾ?”

ನಾಲಗೆಯ ತುದಿಗೆ ಆ ಹಳೆಯ ಮಾತು ಅಭ್ಯಾಸಬಲದಿಂದ ಓಡಿಬಂತು. ಕತ್ತರಿಯಣ್ಣ ಅದನ್ನು ಹಲ್ಲಿನ ಹಿಂದೆಯೇ ಹಿಡಿದಿಟ್ಟು, ಕಟಿಂಗಿನ ಪೂರ್ತಿ ರೇಟು ಹೇಳಿದ.

“ಮೀಸೆ ಒಂದಕ್ಕೆ ಇಷ್ಟಾ?”

“ಮೀಸೆಗೆ ಅರ್ಧ ಸಾಹುಕಾರ್ರೇ. ಮಿಕ್ಕಿದ್ದು ಪಾಲಿಶ್‌ಗೆ.”

ಸಾಹುಕಾರರು ಕನ್ನಡಿಯಲ್ಲಿ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. ಕೆಲಸದಲ್ಲಿ ತಪ್ಪು ಹುಡುಕಲಾಗಲಿಲ್ಲ. ಕಾಸನ್ನು ತಾವೇ ಡಬ್ಬಿಗೆ ಹಾಕಿ, ಅದು ಬಿದ್ದ ಸದ್ದು ಕೇಳಿಸಿಕೊಂಡು ಹೋದರು.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕತ್ತರಿಯಣ್ಣ ಕುರ್ಚಿಯಲ್ಲಿ ತಾನೇ ಕುಳಿತು, ಪೆಡಲ್ ಒತ್ತಿ ಮೇಲೇರಿದ. ಕನ್ನಡಿಯಲ್ಲಿ ಯಾರೋ ಕಾಡಿನಿಂದ ಬಂದವನು ಕಾಣಿಸಿದ. ಊರಿಗೆಲ್ಲ ಕಟಿಂಗ್ ಮಾಡುವ ಭರದಲ್ಲಿ ತನ್ನ ಕೂದಲು ಕಿವಿ ದಾಟಿ, ಕಾಲರು ದಾಟಿ, ಬೆನ್ನಿಗೆ ಹೊರಟಿದ್ದನ್ನು ಅವನು ಗಮನಿಸಿಯೇ ಇರಲಿಲ್ಲ. ಜೇಬಿಗೆ ಕಾಸು ಹಾಕಿಕೊಂಡು ಮತ್ತೆ ರಸ್ತೆ ದಾಟಿದ.

ಏಸಿ ಸಲೂನಿನ ಮೂಲೆಯಲ್ಲಿ ಅವನ ಯಂತ್ರ ನಿಂತಿತ್ತು. ಅದರ ಬಿಂದಿಗೆಯಿಂದ ಸಾಲಾಗಿ ಟವೆಲುಗಳು ಜೋತಾಡುತ್ತಿದ್ದವು. ಬಲು ಉಪಯೋಗಕ್ಕೆ ಬಂತಣ್ಣ, ಟವೆಲು ಬೇಗ ಒಣಗುತ್ತೆ ಎಂದು ಸಲೂನಿನವನು ಮನಸ್ಸು ತುಂಬಿ ಹೊಗಳಿದ. ಕತ್ತರಿಯಣ್ಣ ನಗಲು ಶುರುಮಾಡಿದವನು ಎಷ್ಟು ನಕ್ಕನೆಂದರೆ ಸಲೂನಿನವನು ಕತ್ತರಿ ಕೆಳಗಿಟ್ಟು, ನಗು ನಿಲ್ಲುವವರೆಗೆ ಊಟ ಮಾಡಿ ಬಂದ.

ಕಟಿಂಗ್ ಮುಗಿದು ಕಾಸು ತೆಗೆದಾಗ ಸಲೂನಿನವನು ಕೈ ಹಿಂದೆಳೆದುಕೊಂಡ.

“ನಿಮ್ಮ ಹತ್ರ ತಗೊಳ್ಳೋದಾ ಅಣ್ಣ? ಬಿಡಿ.”

“ತಗೋ ತಮ್ಮಾ,” ಎಂದ ಕತ್ತರಿಯಣ್ಣ, ಅವನ ಅಂಗೈ ಬಿಡಿಸಿ ಕಾಸಿಟ್ಟು. “ಆ ಮಾತು ಮಾತ್ರ ಕಲೀಬೇಡ. ಅದು ಬಲು ದುಬಾರಿ.”